ರೆಫರೀಡ್ ಪತ್ರಿಕೆಯಲ್ಲಿ ಒಂದು ಲೇಖನ ಬೇಕು: "ಮೂರೇ ದಿನದಲ್ಲಿ ಪ್ರಕಟಣೆ" ಅನ್ನೋರಿಗೆ ಕೊಡಬಹುದಾ?

ಕೆರೆಏರಿ_ಮದ್ದೂರು
ಎಲ್ಲರಿಗೂ ನಮಸ್ಕಾರ. ಇತಿಹಾಸದಲ್ಲಿ ಪಾರ್ಟ್ ಟೈಂ ಪಿಎಚ್‌ಡಿ, ನೋಂದಣಿ 2021ರ ಡಿಸೆಂಬರ್. ವಿಷಯ ಮಂಡ್ಯ ಜಿಲ್ಲೆಯ ಶಾಸನಗಳಲ್ಲಿ ಕೆರೆ ನಿರ್ವಹಣೆ, ಅಂದ್ರೆ ಕೆರೆಗೊಡಗೆ, ಕಟ್ಟುಗೊಡಗೆ, ಬಿತ್ತುವಟ್ಟ ಇಂಥ ದತ್ತಿಗಳು. ಮಹಾಪ್ರಬಂಧ ಕನ್ನಡದಲ್ಲೇ. ನಾಲ್ಕು ಅಧ್ಯಾಯ ಮುಗಿದಿದೆ.

ಸಲ್ಲಿಸೋಕೆ ಮುಂಚೆ ಒಂದು ಲೇಖನ ಪ್ರಕಟ ಆಗಿರಲೇಬೇಕು ಅಂತ ಒಬ್ಬರು ಹೇಳ್ತಾರೆ, ಆ ನಿಯಮ ಈಗ ಇಲ್ಲ ಅಂತ ಇನ್ನೊಬ್ಬರು. ಈ ಮಧ್ಯೆ ವಾಟ್ಸಾಪ್ ಗುಂಪಲ್ಲಿ ಒಂದು ಜಾಹೀರಾತು ಬಂತು: "ಯುಜಿಸಿ ಅನುಮೋದಿತ, ಯುಜಿಸಿ ಕೇರ್, ಐಎಸ್‌ಎಸ್‌ಎನ್ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ 8.2, ಎಲ್ಲ ವಿಷಯ ಎಲ್ಲ ಭಾಷೆ, 3 ದಿನದಲ್ಲಿ ಪ್ರಕಟಣೆ, 1,800 ರೂಪಾಯಿ." ಲೇಖನ ಮೇಲ್ ಮಾಡಿದೆ. ಅರ್ಧ ಗಂಟೆಯಲ್ಲಿ "ಸ್ವೀಕೃತವಾಗಿದೆ, ಹಣ ಕಳಿಸಿ, ಕಾಪಿರೈಟ್ ಫಾರ್ಮಿಗೆ ಸಹಿ ಹಾಕಿ" ಅಂತ ಉತ್ತರ ಬಂತು. ಹಣ ಕಳಿಸಿಲ್ಲ, ಸಹಿನೂ ಹಾಕಿಲ್ಲ. ಮುಂದೇನು ಮಾಡ್ಲಿ? ನನಗೆ ಲೇಖನ ಬೇಕಾ ಬೇಡ್ವಾ ಅನ್ನೋದೂ ಗೊತ್ತಾಗಬೇಕು.

ದಿವಾನ್ಸ್_ರಸ್ತೆ
ಕೊಡಬೇಡಿ ಮೇಡಂ. ಅರ್ಧ ಗಂಟೆಯಲ್ಲಿ ಯಾರೂ ಓದಿ ವಿಮರ್ಶೆ ಮಾಡೋಕಾಗಲ್ಲ. ಲೇಖನದ ತಲೆನೋವೂ ನಿಮಗಿಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನವೆಂಬರ್ 7ರ ಪಿಎಚ್‌ಡಿ ನಿಯಮಾವಳಿಯಲ್ಲಿ ಪ್ರಕಟಣೆ ಕಡ್ಡಾಯ ಅನ್ನೋದನ್ನ ತೆಗೆದುಹಾಕಿದೆ.

ಲೈಬ್ರರಿ_ಮೂಲೆ
@ದಿವಾನ್ಸ್_ರಸ್ತೆ ಅರ್ಧ ಸರಿ, ಅರ್ಧ ತಪ್ಪು. ಆ ತಪ್ಪು ಅರ್ಧವೇ ಇವರಿಗೆ ಅನ್ವಯಿಸೋದು. ನೋಂದಣಿ ದಿನಾಂಕ ನೋಡಿ, 2021ರ ಡಿಸೆಂಬರ್. 2022ರ ನಿಯಮಾವಳಿಯಲ್ಲೇ ಸ್ಪಷ್ಟವಾಗಿದೆ: ಅದು ಪ್ರಕಟವಾಗೋ ಮೊದಲು ನೋಂದಣಿ ಆದವರಿಗೆ ಆಗ ಜಾರಿಯಲ್ಲಿದ್ದ ನಿಯಮವೇ ಮುಂದುವರಿಯುತ್ತೆ. ಇವರಿಗೆ ಅದು 2016ರದ್ದು. ಅದರ ಪ್ರಕಾರ ಮಹಾಪ್ರಬಂಧ ಸಲ್ಲಿಸೋ ಮೊದಲು ರೆಫರೀಡ್ ಪತ್ರಿಕೆಯಲ್ಲಿ (ವಿಷಯ ತಜ್ಞರು ಓದಿ ಒಪ್ಪಿದ ಮೇಲಷ್ಟೇ ಪ್ರಕಟಿಸೋ ಪತ್ರಿಕೆ) ಕನಿಷ್ಠ 1 ಲೇಖನ, ಸಮ್ಮೇಳನ ಅಥವಾ ವಿಚಾರಸಂಕಿರಣದಲ್ಲಿ 2 ಪ್ರಬಂಧ ಮಂಡನೆ, ಎರಡಕ್ಕೂ ಪುರಾವೆ.

ಹೀಗಾಗಿ ಲೇಖನ ಬೇಕೇ ಬೇಕು. ಹೊಸ ನಿಯಮದಲ್ಲಿ ಸೇರಿದವರೂ ನಿರಾಳ ಆಗೋಹಾಗಿಲ್ಲ. ಯುಜಿಸಿ ಹೇಳೋದು ಕನಿಷ್ಠ ಮಟ್ಟ, ಅದರ ಮೇಲೆ ವಿಶ್ವವಿದ್ಯಾಲಯ ತನ್ನದೇ ಷರತ್ತು ಹಾಕಬಹುದು. ಸಂಶೋಧನಾ ವಿಭಾಗದ ಕೌಂಟರಿಗೆ ಹೋಗಿ "ನನ್ನ ನೋಂದಣಿ ವರ್ಷಕ್ಕೆ ಅನ್ವಯಿಸೋ ಆರ್ಡಿನೆನ್ಸ್ ಯಾವುದು" ಅಂತಲೇ ಕೇಳಿ, ಆರ್ಡಿನೆನ್ಸ್ ಅಂದ್ರೆ ವಿಶ್ವವಿದ್ಯಾಲಯದ ನಿಯಮಾವಳಿ, ಅದರ ಪ್ರತಿ ತಗೊಳ್ಳಿ. ಸುಮ್ಮನೆ "ರೂಲ್ ಏನು ಸಾರ್" ಅಂದ್ರೆ ಈಗ ಸೇರೋರಿಗೆ ಹೇಳೋದನ್ನೇ ನಿಮಗೂ ಹೇಳಿ ಕಳಿಸ್ತಾರೆ.

ದಿವಾನ್ಸ್_ರಸ್ತೆ
ನೋಂದಣಿ ದಿನಾಂಕ ಗಮನಿಸಲಿಲ್ಲ. ತಿದ್ದುಪಡಿ ಒಪ್ಪಿದೆ.

ಕೂಳೆಕಬ್ಬು
ಅಕ್ಕ, ಮಂಡನೆ ಸರ್ಟಿಫಿಕೇಟ್ ಒಂದ್ಸಲ ತೆಗೆದು ನೋಡ್ಕಳಿ. "ಭಾಗವಹಿಸಿದ್ದಾರೆ" ಅಂತಿದ್ರೆ ಅದು ಮಂಡನೆ ಲೆಕ್ಕಕ್ಕೆ ಬರಕ್ಕಿಲ್ಲ. "ಪ್ರಬಂಧ ಮಂಡಿಸಿದ್ದಾರೆ" ಅಂತಿರಬೇಕು, ಪ್ರಬಂಧದ ಶೀರ್ಷಿಕೆನೂ ಇರಬೇಕು. ಸಂಘಟಕರು ಮುದ್ರಿಸಿದ ಫಾರ್ಮಲ್ಲಿ ಎರಡೂ ಪದ ಇಟ್ಟು ಒಂದನ್ನ ಹೊಡೆದುಹಾಕದೆ ಬಿಟ್ಟಿರ್ತಾರೆ. ಸಲ್ಲಿಸೋ ಹೊತ್ತಲ್ಲಿ ಅದೇ ತಕರಾರು. ಈಗಲೇ ಅವರತ್ರ ತಿದ್ದಿಸ್ಕಂಡ್ರೆ ಒಳ್ಳೇದು, ಎರಡು ವರ್ಷ ಬಿಟ್ರೆ ಸಂಚಾಲಕರೇ ಬದಲಾಗಿರ್ತಾರೆ.

ಗಂಗೋತ್ರಿ_ಹಾದಿ
ಆ ಜಾಹೀರಾತನ್ನ ಒಂದೊಂದು ಪದವಾಗಿ ಬಿಡಿಸಿ ನೋಡೋಣ. ಇದು ಎಲ್ಲರ ಫೋನಿಗೂ ಬರೋದರಿಂದ ಸ್ವಲ್ಪ ಉದ್ದವಾಗೇ ಬರೀತೀನಿ.

"ಯುಜಿಸಿ ಅನುಮೋದಿತ": ಹಾಗಂತ ಒಂದು ಪಟ್ಟಿ ಹಿಂದೆ ಇತ್ತು. 2018ರ ಮೇನಲ್ಲಿ ಅದರಿಂದ 4,305 ಪತ್ರಿಕೆಗಳನ್ನ ಯುಜಿಸಿಯೇ ಕಿತ್ತುಹಾಕಿತು. ಆಮೇಲೆ ಬಂದದ್ದು ಕೇರ್ ಪಟ್ಟಿ. ಅದನ್ನೂ 2025ರ ಫೆಬ್ರವರಿಯಲ್ಲಿ ನಿಲ್ಲಿಸಿ, ಪತ್ರಿಕೆ ಆರಿಸೋಕೆ ಸೂಚಕ ಮಾನದಂಡಗಳನ್ನ ಕೊಟ್ಟು, ನಿರ್ಧಾರವನ್ನ ವಿಶ್ವವಿದ್ಯಾಲಯಗಳಿಗೇ ಬಿಟ್ಟಿದೆ. ಈಗಲೂ "ಯುಜಿಸಿ ಕೇರ್" ಅಂತ ಹೇಳಿಕೊಂಡು ಲೇಖನ ಕರೆಯೋರು ಇಲ್ಲದ ಪಟ್ಟಿಯ ಹೆಸರಲ್ಲಿ ದುಡ್ಡು ಕೇಳ್ತಿದ್ದಾರೆ.

"ಐಎಸ್‌ಎಸ್‌ಎನ್ ಇದೆ": ಅದು 8 ಅಂಕಿಯ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆ ಅಲ್ಲ. ಕೆಎ 11 ಅಂತ ನಂಬರ್ ಪ್ಲೇಟ್ ಇದ್ರೆ ಗಾಡಿ ಮಂಡ್ಯದ್ದು ಅಂತ ಗೊತ್ತಾಗುತ್ತೆ, ಬ್ರೇಕ್ ಹಿಡಿಯುತ್ತಾ ಅಂತ ಗೊತ್ತಾಗಲ್ಲ. ಆದ್ರೂ ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಸಂಖ್ಯೆ ಹಾಕಿ ನೋಡಿ. ಪತ್ರಿಕೆಯ ಹೆಸರು, ಪ್ರಕಾಶಕರು, ದೇಶ ಮೂರೂ ಜಾಹೀರಾತಿಗೆ ಹೊಂದಬೇಕು.

"ಇಂಪ್ಯಾಕ್ಟ್ ಫ್ಯಾಕ್ಟರ್ 8.2": ಪತ್ರಿಕೆಯ ಲೇಖನಗಳನ್ನ ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸ್ತಾರೆ ಅನ್ನೋ ಲೆಕ್ಕ ಇದು. ಆ ಹೆಸರಿನ ಅಸಲಿ ಲೆಕ್ಕ ಕೊಡೋದು ಕ್ಲಾರಿವೇಟ್‌ನ ಜರ್ನಲ್ ಸೈಟೇಶನ್ ರಿಪೋರ್ಟ್ಸ್ ಒಂದೇ. ಎಲ್ಲ ವಿಷಯ ಎಲ್ಲ ಭಾಷೆ ಹಾಕೋ ಪತ್ರಿಕೆಗೆ 8.2 ಬರೋ ಸಾಧ್ಯತೆ ಇಲ್ಲ.

"ಎಲ್ಲ ವಿಷಯ": ಹಿಂದಿನ ಎರಡು ಸಂಚಿಕೆಯ ಪರಿವಿಡಿ ತೆರೆಯಿರಿ. ಒಂದೇ ಸಂಚಿಕೆಯಲ್ಲಿ ಆಯುರ್ವೇದ, ಕಾಂಕ್ರೀಟ್, ವಚನ ಸಾಹಿತ್ಯ, ಜಿಎಸ್‌ಟಿ ಎಲ್ಲ ಇದ್ರೆ ಅಲ್ಲಿಗೇ ಬಿಡಿ. ಲೇಖನದ ಕೆಳಗೆ "ತಲುಪಿದ ದಿನ, ಒಪ್ಪಿದ ದಿನ" ಹಾಕಿರ್ತಾರೆ, ಎರಡರ ನಡುವಿನ ಅಂತರ ಎಣಿಸಿ.

ಸಂಪಾದಕ ಮಂಡಲಿಯಲ್ಲಿ ಒಬ್ಬರ ಹೆಸರು ತಗೊಂಡು, ಅವರ ವಿಭಾಗದ ವೆಬ್ ಪುಟದಲ್ಲಿರೋ ವಿಳಾಸಕ್ಕೆ ಎರಡು ಸಾಲಿನ ಮೇಲ್ ಹಾಕಿ: "ನೀವು ಈ ಪತ್ರಿಕೆಯ ಮಂಡಲಿಯಲ್ಲಿ ಇದ್ದೀರಾ?" ಪತ್ರಿಕೆಯ ಪುಟದಲ್ಲಿ ಕೊಟ್ಟಿರೋ ವಿಳಾಸಕ್ಕೆ ಕಳಿಸಬೇಡಿ, ಅದು ಅವರದೇ ಆಗಿರುತ್ತೆ.

ಪಾಸ್_ಪ್ಯಾಸೆಂಜರ್
ಸ್ಕೋಪಸ್ ಅನ್ನೋ ಪತ್ರಿಕೆಗಳ ಸೂಚಿಯಲ್ಲಿ ಇದ್ರೆ ಸಾಕಲ್ವಾ? ಇಷ್ಟೆಲ್ಲ ಯಾಕೆ?

ಗಂಗೋತ್ರಿ_ಹಾದಿ
@ಪಾಸ್_ಪ್ಯಾಸೆಂಜರ್ ಸಾಲದು. ಎರಡು ಗುಂಡಿ ಇದೆ. ಒಂದು, ಹಿಂದೆ ಸ್ಕೋಪಸ್‌ನಲ್ಲಿದ್ದು ಈಗ ಕೈಬಿಟ್ಟ ಪತ್ರಿಕೆ. ಸ್ಕೋಪಸ್ ಮೂಲಗಳ ಪಟ್ಟಿಯಲ್ಲಿ ಹೆಸರಿನ ಎದುರು "ಯಾವ ವರ್ಷದಿಂದ ಯಾವ ವರ್ಷದವರೆಗೆ" ಅಂತ ಇರುತ್ತೆ. ಕೊನೆ ವರ್ಷ ಈ ವರ್ಷವಾ ನೋಡಿ. ಎರಡು, ನಕಲಿ ತಾಣ. ನಿಜವಾದ ಹಳೇ ಪತ್ರಿಕೆಯ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ಬೇರೆ ವಿಳಾಸದಲ್ಲಿ ಅಂಗಡಿ ತೆರೆದಿರ್ತಾರೆ. ಮುದ್ರಣದಲ್ಲಿ ಮಾತ್ರ ಬರೋ ಹಳೆಯ ಪತ್ರಿಕೆಗಳ ಹೆಸರು ಹೀಗೆ ಕದಿಯೋದು ಸುಲಭ, ಯಾಕಂದ್ರೆ ಹೋಲಿಸಿ ನೋಡೋಕೆ ಅಸಲಿ ವೆಬ್‌ಸೈಟೇ ಇರಲ್ಲ. ಹಿಡಿಯೋ ದಾರಿ: ಅಲ್ಲಿ ಪ್ರಕಟವಾದ ಲೇಖನವೊಂದರ ಡಿಒಐ (ಲೇಖನದ ಶಾಶ್ವತ ಗುರುತಿನ ಸಂಖ್ಯೆ) ತಗೊಂಡು ಡಿಒಐ ಡಾಟ್ ಆರ್ಗ್ ತಾಣದಲ್ಲಿ ಹಾಕಿ. ತೆರೆಯದೇ ಹೋದ್ರೆ ಅಥವಾ ಬೇರೆಲ್ಲಿಗೋ ಹೋದ್ರೆ ಅನುಮಾನ ಪಡಿ. ರಿಟ್ರ್ಯಾಕ್ಷನ್ ವಾಚ್‌ನವರು ಅಪಹೃತ ಪತ್ರಿಕೆಗಳ ಪಟ್ಟಿಯನ್ನೇ ಇಟ್ಟಿದ್ದಾರೆ, ಅದರಲ್ಲೂ ಹುಡುಕಿ.

ಕುಕ್ಕರಹಳ್ಳಿ_ಬೆಳಗ್ಗೆ
ಇಷ್ಟು ಕಟ್ಟುನಿಟ್ಟು ಯಾರಿಗೆ ಸಾಧ್ಯ? ವಾರಕ್ಕೆ ಇಪ್ಪತ್ತು ಗಂಟೆ ಪಾಠ ಮಾಡಿಕೊಂಡು ಪಿಎಚ್‌ಡಿ ಮಾಡೋ ಅತಿಥಿ ಉಪನ್ಯಾಸಕರು ಎಂಟು ತಿಂಗಳು ವಿಮರ್ಶೆಗೆ ಕಾಯ್ತಾ ಕೂತ್ರೆ ಅವಧಿಯೇ ಮುಗಿಯುತ್ತೆ. ನಿಯಮಕ್ಕೆ ಒಂದು ಲೇಖನ ಬೇಕು, ಅವರು ಒಂದು ಲೇಖನ ಕೊಡ್ತಾರೆ. 1,800 ರೂಪಾಯಿಗೆ ಕೆಲಸ ಮುಗಿಯುತ್ತೆ ಅಂದ್ರೆ ತಪ್ಪೇನು?

ಶಾಸನ_ಓದು
@ಕುಕ್ಕರಹಳ್ಳಿ_ಬೆಳಗ್ಗೆ ಹೊರೆ ಇರೋದು ನಿಜ, ಅದರ ಬಗ್ಗೆ ನನಗೂ ಸಿಟ್ಟಿದೆ. ಆದ್ರೆ ಕೆಲಸ ಅಲ್ಲಿಗೆ ಮುಗಿಯಲ್ಲ, ಕೆಡುತ್ತೆ. ಒಮ್ಮೆ ಅಲ್ಲಿ ಪ್ರಕಟವಾದ ಲೇಖನವನ್ನ ಒಳ್ಳೇ ಪತ್ರಿಕೆಗೆ ಕಳಿಸೋ ಹಾಗಿಲ್ಲ, ಎರಡು ಕಡೆ ಪ್ರಕಟಿಸಿದ ಹಾಗಾಗುತ್ತೆ. ಇವರು ಬರೆದಿರೋದು ಬಿತ್ತುವಟ್ಟದ ಮೇಲೆ. ಮೂರು ವರ್ಷದ ಕ್ಷೇತ್ರಕಾರ್ಯದ ಸಾರವನ್ನ ಯಾರೂ ಓದದ ಜಾಗದಲ್ಲಿ ಹೂತು, ಮುಂದೆ ವೈವಾದಲ್ಲಿ ಪರೀಕ್ಷಕರು "ಇದು ಎಂಥ ಪತ್ರಿಕೆ" ಅಂತ ಕೇಳಿದಾಗ ತಲೆ ತಗ್ಗಿಸಿ ನಿಲ್ಲಬೇಕಾ?

ಅವಧಿ ಲೆಕ್ಕ ಹಾಕೋಣ. ನೋಂದಣಿಯಿಂದ ಗರಿಷ್ಠ 6 ವರ್ಷ ಅಂದ್ರೆ 2027ರ ಡಿಸೆಂಬರ್. ಮಹಿಳೆಯರಿಗೆ ಗರಿಷ್ಠ ಅವಧಿಯಲ್ಲಿ 2 ವರ್ಷದ ರಿಯಾಯಿತಿಗೆ ಅವಕಾಶ ಇದೆ. ಹೆರಿಗೆ ಅಥವಾ ಶಿಶುಪಾಲನೆ ರಜೆ ಇಡೀ ಅವಧಿಯಲ್ಲಿ ಒಮ್ಮೆ 240 ದಿನದವರೆಗೆ ಬೇರೆ. ಇದು ತಾನಾಗೇ ಸಿಗಲ್ಲ, ಅವಧಿ ಮುಗಿಯೋ ಮೊದಲೇ ಮಾರ್ಗದರ್ಶಕರ ಶಿಫಾರಸಿನೊಂದಿಗೆ ಅರ್ಜಿ ಹಾಕಬೇಕು.

ಕೂಳೆಕಬ್ಬು
+1. ನೇಮಕಾತಿಗೂ ಹೊಡೆತ ಬೀಳ್ತದೆ. ಯುಜಿಸಿಯ 2018ರ ನಿಯಮದಲ್ಲಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಶಾರ್ಟ್‌ಲಿಸ್ಟ್ ಮಾಡುವಾಗ ಒಂದು ಲೇಖನಕ್ಕೆ 2 ಅಂಕ, ಗರಿಷ್ಠ 10. ಅದೂ ಪೀರ್ ರಿವ್ಯೂ, ಅಂದ್ರೆ ರೆಫರಿಗಳ ವಿಮರ್ಶೆ, ಆದದ್ದಕ್ಕೆ. ಪರಿಶೀಲನಾ ಸಮಿತಿ ಬೇಡ ಅಂದ್ರೆ ಆ 2 ಸೊನ್ನೆ.

ಕೆರೆಏರಿ_ಮದ್ದೂರು
ಸರಿ, ಅಲ್ಲಿಗೆ ಕೊಡಲ್ಲ ಅಂತ ತೀರ್ಮಾನ ಮಾಡಿದೆ. ಹಾಗಾದ್ರೆ ಎಲ್ಲಿಗೆ? ಕನ್ನಡದಲ್ಲೇ ಕೊಟ್ರೆ ಒಪ್ಪೋ ಜಾಗ ಇದೆಯಾ? ಇನ್ನೊಂದು ಪ್ರಶ್ನೆ: ಟೈಪ್ ಮಾಡಿರೋದೆಲ್ಲ ನುಡಿ ತಂತ್ರಾಂಶದಲ್ಲಿ, ಡಿಟಿಪಿಯವರ ಹತ್ರ. ಕೃತಿಚೌರ್ಯ ತಪಾಸಣೆಗೆ ಹಾಕಿದಾಗ 0% ಬಂತು. ಅದು ಒಳ್ಳೇದೇ ಅಲ್ವಾ?

ಅರ್ಕಾವತ್ತು
ಮೇಡಂ, ಅದು ಒಳ್ಳೇದಲ್ಲ. ಆ 0% ನೋಡಿ ಸಮಾಧಾನ ಪಡಬೇಡಿ. ಸಾಫ್ಟ್‌ವೇರ್ ನಿಮ್ಮ ಪ್ರಬಂಧವನ್ನ ಓದೇ ಇಲ್ಲ.

ಹಳೆಯ ನುಡಿ, ಬರಹ ಆಸ್ಕಿ ಫಾಂಟಿನಲ್ಲಿ ಕಣ್ಣಿಗೆ ಕನ್ನಡ ಕಾಣುತ್ತೆ, ಕಡತದ ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಯೂನಿಕೋಡ್‌ನಲ್ಲಿರೋ (ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರೋ ವಿಧಾನ) ಇನ್ನೊಂದು ಪ್ರಬಂಧದ ಜೊತೆ ಅದು ಹೊಂದೋ ಪ್ರಶ್ನೆಯೇ ಇಲ್ಲ. ನಾಳೆ ಶೋಧಗಂಗಾಕ್ಕೆ (ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹ) ಏರಿಸಿದ ಮೇಲೂ "ಬಿತ್ತುವಟ್ಟ" ಅಂತ ಹುಡುಕಿದವರಿಗೆ ನಿಮ್ಮ ಪ್ರಬಂಧ ಸಿಗಲ್ಲ. ಅಷ್ಟು ದುಡಿದದ್ದು ಯಾರ ಕೈಗೂ ಸಿಗದೆ ಹೋಗೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮಾಡಬೇಕಾದ್ದು: ಮೂಲ ಕಡತದ ಪ್ರತಿ ತೆಗೆದಿಟ್ಟು, ಒಂದೊಂದೇ ಅಧ್ಯಾಯ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ. ಎಲ್ಲ ಒಟ್ಟಿಗೆ ಹಾಕಿದ್ರೆ ನಡುವೆ ಇರೋ ಇಂಗ್ಲಿಷ್ ಪದ, ಅಡಿಟಿಪ್ಪಣಿಯ ಪುಸ್ತಕದ ಹೆಸರುಗಳನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತೆ. ಆಮೇಲೆ ವರ್ಡ್‌ನ ಹುಡುಕು ಪೆಟ್ಟಿಗೆಯಲ್ಲಿ ಈ ನಾಲ್ಕನ್ನ ನೋಡಿ.

ಮೊದಲನೇದು ಅರ್ಕಾವತ್ತು. ನುಡಿಯಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಕೂತಿರುತ್ತೆ, ಯೂನಿಕೋಡ್‌ನಲ್ಲಿ "ರ್" ಮೊದಲು ಬರಬೇಕು. ಪರಿವರ್ತಕ ಜಾಗ ತಪ್ಪಿದ್ರೆ "ಕರ್ನಾಟಕ" ಅನ್ನೋದು "ಕನರ್ಾಟಕ" ಆಗುತ್ತೆ. "ರ್ಾ", "ರ್ಿ", "ರ್ೆ" ಅಂತ ಹುಡುಕಿ. ಹಲಂತದ ಮೇಲೆ ಸ್ವರಚಿಹ್ನೆ ಕನ್ನಡದಲ್ಲಿ ಎಲ್ಲೂ ಬರಲ್ಲ, ಸಿಕ್ಕಿದ್ದೆಲ್ಲ ತಪ್ಪೇ.

ಎರಡನೇದು ಕಾಣದ ಅಕ್ಷರ. "ಕಾರ್ಯ", "ಕಾರ‍್ಯ" ಎರಡೂ ಓದೋಕೆ ಒಂದೇ. ಎರಡನೇದರ ಒಳಗೆ ಝಡ್‌ಡಬ್ಲ್ಯೂಜೆ ಅನ್ನೋ ಕಣ್ಣಿಗೆ ಕಾಣದ ಜೋಡಕ ಇದೆ. ಒಂದನ್ನ ಹುಡುಕಿದ್ರೆ ಇನ್ನೊಂದು ಸಿಗದೇ ಹೋಗಬಹುದು. ಇಡೀ ಪ್ರಬಂಧದಲ್ಲಿ ಒಂದೇ ರೂಪ ಇಟ್ಕೊಳ್ಳಿ.

ಮೂರನೇದು ದೀರ್ಘ. "ಲೋಕ"ದ ಓಕಾರವನ್ನ ಒಂದೇ ಸಂಕೇತವಾಗಿ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಪರದೆ ಮೇಲೆ ವ್ಯತ್ಯಾಸ ಕಾಣಲ್ಲ. ಎನ್‌ಎಫ್‌ಸಿ ಅನ್ನೋ ಸಾಮಾನ್ಯೀಕರಣ ಮಾಡಿಸಿದ್ರೆ ಎಲ್ಲ ಒಂದೇ ಆಗುತ್ತೆ.

ನಾಲ್ಕನೇದು ನಿಮ್ಮ ವಿಷಯಕ್ಕೆ ಪ್ರಾಣ: ಱ ಮತ್ತು ೞ. ಹಳೆಯ ಶಾಸನದಲ್ಲಿ ಕೆರೆ "ಕೆಱೆ" ಅಂತಿರುತ್ತೆ, ಗದ್ದೆ "ಗೞ್ದೆ" ಅಂತ. ಡಿಟಿಪಿಯಲ್ಲಿ ಫಾಂಟಲ್ಲಿಲ್ಲ ಅಂತ ಱ ಬದಲು ರ ಒತ್ತಿಬಿಟ್ಟಿದ್ರೆ ಯಾವ ಪರಿವರ್ತಕವೂ ಅದನ್ನ ವಾಪಸ್ ತರಲ್ಲ. ಶಾಸನ ಪಾಠದ ಪ್ರತಿ ಸಾಲನ್ನ ಸಂಪುಟ ಮುಂದಿಟ್ಟುಕೊಂಡು ಕೈಯಾರೆ ತಾಳೆ ನೋಡಿ.

ಕೊನೆಗೆ ಪಿಡಿಎಫ್ ಮಾಡಿ, ಒಂದು ಪ್ಯಾರಾ ನಕಲಿಸಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಕನ್ನಡವಾಗೇ ಬಿದ್ರೆ ಸರಿ.

ಲೈಬ್ರರಿ_ಮೂಲೆ
ಮೇಲಿನದನ್ನ ಪಿನ್ ಮಾಡಿ ಯಾರಾದ್ರೂ.

ತಪಾಸಣೆ ಬಗ್ಗೆ ಸೇರಿಸ್ತೀನಿ. 2018ರ ಕೃತಿಚೌರ್ಯ ನಿಯಮದಲ್ಲಿ 10% ವರೆಗೆ ದಂಡ ಇಲ್ಲ. 10ರಿಂದ 40ರ ಒಳಗಾದ್ರೆ 6 ತಿಂಗಳು ಮೀರದ ಗಡುವಿನಲ್ಲಿ ತಿದ್ದಿದ ಪ್ರತಿ ಕೊಡಬೇಕು. 40ರಿಂದ 60 ಆದ್ರೆ ಒಂದು ವರ್ಷ ಸಲ್ಲಿಸೋ ಹಾಗಿಲ್ಲ. 60 ಮೀರಿದ್ರೆ ನೋಂದಣಿಯೇ ರದ್ದು. ಮೂಲ ಸೂಚಿಸಿದ ಉದ್ಧರಣೆ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಲೆಕ್ಕಕ್ಕಿಲ್ಲ. ಆದ್ರೆ ಯಂತ್ರಕ್ಕೆ ಉದ್ಧರಣೆ ಗೊತ್ತಾಗೋದು ಚಿಹ್ನೆಯಿಂದ. ಶಾಸನ ಪಾಠವನ್ನ ಬರೀ ಒಳಸರಿಸಿ, ಚಿಹ್ನೆ ಹಾಕದೆ ಬಿಟ್ರೆ ಎಲ್ಲವೂ ಹೋಲಿಕೆಗೆ ಸೇರುತ್ತೆ. ಗ್ರಂಥಾಲಯದಲ್ಲಿ ವರದಿ ತೆಗೆಯುವಾಗ "ಉದ್ಧರಣೆ, ಗ್ರಂಥಋಣ ಬಿಡಿ" ಅನ್ನೋ ಆಯ್ಕೆ ಹಾಕಿದ್ದಾರಾ ಅಂತ ಪಕ್ಕದಲ್ಲಿ ನಿಂತು ನೋಡಿ. ನಿಮ್ಮದೇ ಪ್ರಕಟಿತ ಲೇಖನದ ಹೋಲಿಕೆ ಬಂದ್ರೆ ಆ ಅಧ್ಯಾಯದಲ್ಲಿ ಲೇಖನವನ್ನ ಉಲ್ಲೇಖಿಸಿ, ಮಾರ್ಗದರ್ಶಕರ ಪತ್ರ ಲಗತ್ತಿಸಿ.

ಶಾಸನ_ಓದು
ಪತ್ರಿಕೆ ವಿಚಾರ. ಕನ್ನಡಕ್ಕೆ ಪ್ರಬುದ್ಧ ಕರ್ನಾಟಕ ಇದೆ, 1919ರಲ್ಲಿ ಶುರುವಾದದ್ದು. ಇಂಗ್ಲಿಷಲ್ಲಿ ಬರೆಯೋಕಾದ್ರೆ ಬೆಂಗಳೂರಿನ ಮಿಥಿಕ್ ಸೊಸೈಟಿಯ ತ್ರೈಮಾಸಿಕ. ಮಂಡನೆಗೆ ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನ ಒಳ್ಳೇ ಜಾಗ, ಶಾಸನ ಬಲ್ಲವರೇ ಎದುರಿಗೆ ಕೂತಿರ್ತಾರೆ. ಯಾವುದಕ್ಕೇ ಕಳಿಸಿದ್ರೂ ಮೊದಲು ಸಂಪಾದಕರಿಗೆ ಬರೆದು "ಲೇಖನ ರೆಫರಿಗಳಿಗೆ ಹೋಗುತ್ತಾ, ಹಾಗಂತ ಪತ್ರ ಕೊಡ್ತೀರಾ" ಅಂತ ಕೇಳಿ. ಪತ್ರಿಕೆಗೆ ವಯಸ್ಸಾಗಿದೆ, ಹೆಸರಿದೆ ಅಂದ ಮಾತ್ರಕ್ಕೆ ವಿಭಾಗದವರು ರೆಫರೀಡ್ ಅಂತ ಒಪ್ಪಲ್ಲ.

ಕಳಿಸೋ ಮುಂಚೆ ಎಪಿಗ್ರಾಫಿಯಾ ಕರ್ನಾಟಿಕಾದ (ಶಾಸನಗಳ ಸಂಪುಟಮಾಲೆ, ಚಿಕ್ಕದಾಗಿ ಎ.ಕ.) ಉಲ್ಲೇಖಗಳನ್ನ ಸರಿಮಾಡಿಕೊಳ್ಳಿ. ಮಂಡ್ಯದ ಮೇಲೆ ಬರೆಯೋರೆಲ್ಲ ಎಡವೋ ಜಾಗ ಇದು. ಬಿ.ಎಲ್. ರೈಸ್ ಸಂಪಾದಿಸಿದ ಹಳೇ ಸಂಪುಟ 3, 4 ಬಂದಾಗ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ಹಾಗಾಗಿ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣ ಸಂಪುಟ 3ರಲ್ಲಿ, ನಾಗಮಂಗಲ, ಕೃಷ್ಣರಾಜಪೇಟೆ ಸಂಪುಟ 4ರಲ್ಲಿ, ಎಲ್ಲವೂ ಮೈಸೂರು ಜಿಲ್ಲೆ ಅಂತಲೇ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟ 6 ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಕ್ಕೆ, ಸಂಪುಟ 7 ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿಗೆ. ಶಾಸನ ಸಂಖ್ಯೆಗಳೂ ಬೇರೆ. ಬರೀ "ಎ.ಕ. 3, ಮಂಡ್ಯ" ಅಂತ ಬರೆದ್ರೆ ಯಾವ ಆವೃತ್ತಿ ಅಂತ ರೆಫರಿಗೆ ಗೊತ್ತಾಗಲ್ಲ. ಆತಕೂರು ಶಾಸನವನ್ನೇ ತಗೊಳ್ಳಿ: ರೈಸ್‌ನಲ್ಲಿ ಮಂಡ್ಯ ತಾಲೂಕು, ಈಗ ಊರು ಮದ್ದೂರು ತಾಲೂಕು, ಕಲ್ಲು ಇರೋದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಆವೃತ್ತಿ, ಸಂಪುಟ, ತಾಲೂಕು, ಶಾಸನ ಸಂಖ್ಯೆ, ಸಾಲು, ಐದೂ ಬೇಕು. ಊರಿನ ಈಗಿನ ತಾಲೂಕನ್ನ ಕಂಸದಲ್ಲಿ ಹಾಕಿ.

ಮತ್ತೆ, ಖಂಡುಗವನ್ನ ಎಕರೆಗೆ ಒಂದೇ ಲೆಕ್ಕದಲ್ಲಿ ಪರಿವರ್ತಿಸಬೇಡಿ. ಅದು ಬಿತ್ತನೆ ಬೀಜದ ಅಳತೆಯಿಂದ ಬಂದ ನೆಲದ ಅಳತೆ, ಗದ್ದೆಗೆ ಒಂದು, ಬೆದ್ದಲಿಗೆ ಇನ್ನೊಂದು, ಊರಿಂದೂರಿಗೂ ಬದಲಾಗುತ್ತೆ. ಹಾಗೆ ಪಟ್ಟಿ ಮಾಡಿ ಜಿಲ್ಲೆಯ ಒಟ್ಟು ವಿಸ್ತೀರ್ಣ ತೆಗೆದ ಲೇಖನ ಮೊದಲ ಸುತ್ತಲ್ಲೇ ವಾಪಸ್ ಬರುತ್ತೆ.

ಕೆರೆಏರಿ_ಮದ್ದೂರು
ಅಯ್ಯೋ, ಮೂರನೇ ಅಧ್ಯಾಯದಲ್ಲಿ ಆ ಪಟ್ಟಿ ಇದೆ. ಎಲ್ಲಾ ಎಕರೆಯಲ್ಲಿ!

ಶಾಸನ_ಓದು
ಈಗ ಗೊತ್ತಾಯ್ತಲ್ಲ, ತಿದ್ದೋಕೆ ಸಮಯ ಇದೆ. ಖಂಡುಗ, ಕೊಳಗ ಹಾಗೇ ಇಡಿ. ಅಂಕಣ ಮಾತ್ರ ಗದ್ದೆ, ಬೆದ್ದಲು ಅಂತ ಎರಡು ಮಾಡಿ.

ಕೂಳೆಕಬ್ಬು
ವಿಜ್ಞಾನದ ಕಡೆಯವರೂ ಇದನ್ನ ಓದ್ತಾವ್ರೆ, ಅದ್ಕೆ ಕೃಷಿಯ ಒಂದು ಮಾತು. ಬೇಸಾಯ ಶಾಸ್ತ್ರದ ಲೇಖನ ವಾಪಸ್ ಬರೋದು ಹೆಚ್ಚಾಗಿ ಬರವಣಿಗೆಯಿಂದಲ್ಲ, ಪ್ರಯೋಗದ ವಿನ್ಯಾಸದಿಂದ. ಒಂದೇ ಹಂಗಾಮಿನ ದತ್ತಾಂಶ ಆದ್ರೆ ಒಳ್ಳೇ ಪತ್ರಿಕೆ ಮುಟ್ಟಕ್ಕಿಲ್ಲ. ಕಬ್ಬು ಆದ್ರೆ ನಾಟಿ ಬೆಳೆ ಒಂದು, ಕೂಳೆ ಬೆಳೆ ಒಂದು, ಅಲ್ಲಿಗೇ ಎರಡು ವರ್ಷ ದಾಟ್ತದೆ. ಬ್ಲಾಕ್ ವಿನ್ಯಾಸದಲ್ಲಿ ಎರರ್ ಡಿಗ್ರೀಸ್ ಆಫ್ ಫ್ರೀಡಂ (ಪ್ರಯೋಗದ ತಪ್ಪನ್ನ ಅಂದಾಜು ಮಾಡಕ್ಕೆ ಉಳಿಯೋ ಸ್ವತಂತ್ರ ಲೆಕ್ಕ) 12ಕ್ಕಿಂತ ಕಮ್ಮಿ ಆಗದ ಹಂಗೆ ಮೊದಲೇ ಲೆಕ್ಕ ಹಾಕ್ಕಳಿ: ಉಪಚಾರದ (ಹೋಲಿಸಿ ನೋಡೋ ವಿಧಾನಗಳ) ಸಂಖ್ಯೆ ಕಳೆ 1, ಅದನ್ನ ಪುನರಾವರ್ತನೆ ಕಳೆ 1ರಿಂದ ಗುಣಿಸು. 5 ಉಪಚಾರ ಇದ್ರೆ 4 ಪುನರಾವರ್ತನೆ ಬೇಕು, 4 ಗುಣಿಸು 3, ಹನ್ನೆರಡು. ಜಾಗ ಸಾಲದು ಅಂತ 3 ಮಾಡಿದ್ರೆ 8ಕ್ಕೆ ಬೀಳ್ತದೆ. ಬೆಳೆ ಕಟಾವಾದ ಮೇಲೆ ಯಾವ ಸಾಫ್ಟ್‌ವೇರೂ ಅದನ್ನ ಸರಿ ಮಾಡಕ್ಕಿಲ್ಲ. ನಾಲೆ ನೀರು ನಿಂತ ವರ್ಷ ನೀರು ಕೊಟ್ಟ ತಾರೀಖು ತಪ್ಪದೆ ಬರೆದಿಡಿ, ರೆಫರಿ ಕೇಳೇ ಕೇಳ್ತಾರೆ.

ಪಾಸ್_ಪ್ಯಾಸೆಂಜರ್
ಗೈಡ್ ಹೆಸರು ಮೊದಲು ಹಾಕಬೇಕಾ, ಕೊನೇಗಾ? ಗೈಡ್ ಹೆಸರಿಲ್ಲದೆ ಕಳಿಸಿದ್ರೆ ಮುನಿಸು ಬರುತ್ತೆ.

ಗಂಗೋತ್ರಿ_ಹಾದಿ
ವಿಷಯದಿಂದ ವಿಷಯಕ್ಕೆ ಬೇರೆ. ಪ್ರಯೋಗಾಲಯದ ಕೆಲಸದಲ್ಲಿ ವಿದ್ಯಾರ್ಥಿ ಮೊದಲು, ಮಾರ್ಗದರ್ಶಕರು ಕೊನೆಗೆ, ಪತ್ರವ್ಯವಹಾರ ಅವರ ವಿಳಾಸದಲ್ಲಿ. ಮಾನವಿಕದಲ್ಲಿ ಆಕರ ಹುಡುಕಿ, ಓದಿ, ಬರೆದವರು ನೀವೊಬ್ಬರೇ ಆದ್ರೆ ಹೆಸರೂ ಒಂದೇ ಇರಬೇಕು, ಮಾರ್ಗದರ್ಶಕರಿಗೆ ಕೃತಜ್ಞತೆ ಅಡಿಟಿಪ್ಪಣಿಯಲ್ಲಿ. ಬರೆಯೋಕೆ ಶುರು ಮಾಡೋ ದಿನವೇ ಈ ಮಾತು ಆಡಿ ಮುಗಿಸಿ.

ಕುಕ್ಕರಹಳ್ಳಿ_ಬೆಳಗ್ಗೆ
ಹೇಳೋದು ಸುಲಭ. ಪ್ರಗತಿ ವರದಿಗೆ ಸಹಿ ಹಾಕೋರು ಅವರೇ. ಹೆಸರು ಬಿಟ್ರೆ ಸಹಿ ನಿಧಾನ ಆಗುತ್ತೆ ಅನ್ನೋ ಹೆದರಿಕೆ ಎಲ್ಲರಿಗೂ ಇದೆ.

ಲೈಬ್ರರಿ_ಮೂಲೆ
ಅದಕ್ಕೇ ಸಲಹಾ ಸಮಿತಿ ಇರೋದು. 6 ತಿಂಗಳಿಗೊಮ್ಮೆ ಅವರ ಮುಂದೆ ಪ್ರಗತಿ ಮಂಡಿಸಬೇಕು, ಅದರ ನಡಾವಳಿ ಲಿಖಿತವಾಗಿ ಇರುತ್ತೆ. "ಲೇಖನ ಏಕಲೇಖಕರಾಗಿ ಸಲ್ಲಿಸಲು ಸಿದ್ಧವಿದೆ" ಅನ್ನೋ ಒಂದು ಸಾಲು ಅಲ್ಲಿ ಸೇರಿಸಿ. ಮಾರ್ಗದರ್ಶಕರ ಎದುರೇ ದಾಖಲಾದ ಮಾತಿಗೆ ಆಮೇಲೆ ತಕರಾರು ಬರೋದು ಕಡಿಮೆ.

ಪಾಸ್_ಪ್ಯಾಸೆಂಜರ್
ಇಂಗ್ಲಿಷ್ ಸಾರಾಂಶ ಚಾಟ್‌ಜಿಪಿಟಿಯಲ್ಲಿ ಮಾಡಿಸಬಹುದಾ?

ಶಾಸನ_ಓದು
ಪತ್ರಿಕೆ ಒಪ್ಪುತ್ತಾ ಅಂತ ನಿಯಮ ನೋಡಿ, ಬಳಸಿದ್ರೆ ಬಳಸಿದ್ದೀನಿ ಅಂತ ಬರೆಯಿರಿ. ಊರ ಹೆಸರು, ಅರಸರ ಹೆಸರು, ಶಕವರ್ಷ ಒಂದೊಂದೂ ತಾಳೆ ನೋಡಿ. ಆಕರ ಗ್ರಂಥಗಳನ್ನ ಮಾತ್ರ ಅದರ ಹತ್ರ ಕೇಳಬೇಡಿ, ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆ ಸಮೇತ ಹೆಸರು ಕೊಡುತ್ತೆ.

ದಿವಾನ್ಸ್_ರಸ್ತೆ
ರೆಫರಿ ಟಿಪ್ಪಣಿ ಬಂದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಪ್ರತಿ ಆಕ್ಷೇಪಕ್ಕೆ ಸಂಖ್ಯೆ ಕೊಟ್ಟು, ಕೆಳಗೆ ಉತ್ತರ, ತಿದ್ದಿದ ಪುಟ ಮತ್ತು ಸಾಲು. ಒಪ್ಪದ ಕಡೆ "ಒಪ್ಪುವುದಿಲ್ಲ, ಏಕೆಂದರೆ" ಅಂತ ಆಧಾರ ಕೊಡಿ. ಎಲ್ಲವನ್ನೂ ಒಪ್ಪಿಕೊಂಡು ಲೇಖನ ಹಾಳುಮಾಡ್ಕೋಬೇಡಿ. ಮೂರು ನಾಲ್ಕು ತಿಂಗಳು ಸದ್ದೇ ಇಲ್ಲದಿದ್ರೆ ವಿನಯದ ಒಂದು ಮೇಲ್ ಹಾಕಿ. ಉತ್ತರ ಬರೋವರೆಗೆ ಅದೇ ಲೇಖನ ಇನ್ನೊಂದು ಕಡೆ ಕಳಿಸೋ ಹಾಗಿಲ್ಲ.

ಕೆರೆಏರಿ_ಮದ್ದೂರು
ಎಲ್ಲರಿಗೂ ಮನಸಾರೆ ವಂದನೆ. ನಾಳೆ ಆರ್ಡಿನೆನ್ಸ್ ಪ್ರತಿ ತರ್ತೀನಿ, ಮೂರನೇ ಅಧ್ಯಾಯದ ಪಟ್ಟಿ ಬಿಚ್ಚಿ ಕಟ್ತೀನಿ. ಆ ಪತ್ರಿಕೆಯವರು ಇವತ್ತು ಮತ್ತೆ ಮೇಲ್ ಮಾಡಿದ್ದಾರೆ, "ಸಂಚಿಕೆಗೆ ಸೇರಿಸಿದ್ದೀವಿ, ವಾಪಸ್ ಪಡೆಯೋಕೆ 1,000 ರೂಪಾಯಿ ಶುಲ್ಕ" ಅಂತ. ಹೀಗೆ ಬರೆದಿಟ್ಟಿದ್ದೀನಿ, ಸರಿ ಇದೆಯಾ: "ಮಾನ್ಯರೇ, ನನ್ನ ಲೇಖನವನ್ನು ಹಿಂಪಡೆಯಲು ದಯವಿಟ್ಟು ಅನುಮತಿ ನೀಡಬೇಕೆಂದು ವಿನಂತಿಸುತ್ತೇನೆ."

ಲೈಬ್ರರಿ_ಮೂಲೆ
ಅನುಮತಿ ಕೇಳಬೇಡಿ. ಸಹಿ ಹಾಕಿಲ್ಲ, ಹಣ ಕೊಟ್ಟಿಲ್ಲ, ಲೇಖನದ ಹಕ್ಕು ಇನ್ನೂ ನಿಮ್ಮದೇ. ಹೀಗೆ ಹಾಕಿ: "ಇಂಥ ದಿನ ಕಳಿಸಿದ ಇಂಥ ಶೀರ್ಷಿಕೆಯ ಲೇಖನವನ್ನು ಈ ಪತ್ರದ ಮೂಲಕ ಹಿಂಪಡೆದಿದ್ದೇನೆ. ಕಾಪಿರೈಟ್ ಹಸ್ತಾಂತರಕ್ಕೆ ನಾನು ಸಹಿ ಮಾಡಿಲ್ಲ, ಯಾವ ಶುಲ್ಕವನ್ನೂ ಪಾವತಿಸಿಲ್ಲ. ಲೇಖನವನ್ನು ಯಾವುದೇ ರೂಪದಲ್ಲಿ ಪ್ರಕಟಿಸಕೂಡದು. ಪ್ರಕಟಿಸಿದ್ದರೆ ಕೂಡಲೇ ತೆಗೆದುಹಾಕಬೇಕು." ಮಾರ್ಗದರ್ಶಕರಿಗೂ ಒಂದು ಪ್ರತಿ ಹೋಗಲಿ. 1,000 ರೂಪಾಯಿ ಕೊಡಬೇಡಿ. ಅವರ ತಾಣದಲ್ಲಿ ನಿಮ್ಮ ಲೇಖನ ಈಗ ಇಲ್ಲ ಅಂತ ಗೊತ್ತಾಗೋ ಹಾಗೆ ಸಂಚಿಕೆಯ ಪುಟದ ಸ್ಕ್ರೀನ್‌ಶಾಟ್ ತಾರೀಖಿನ ಸಮೇತ ಇವತ್ತೇ ತೆಗೆದಿಡಿ.

ಕೆರೆಏರಿ_ಮದ್ದೂರು
ಕಳಿಸಿದೆ ಸರ್. ಸ್ಕ್ರೀನ್‌ಶಾಟ್ ತೆಗೆದಿಟ್ಟೆ, ಲೇಖನ ಅಲ್ಲಿ ಇಲ್ಲ.